ಬಂಡೆ ನೆಲದಲ್ಲಿ ಸಿಕ್ಕ ಹಳದಿ ಹೂವು: ಇದು ಯಾವ ರಾಕ್‌ಕ್ರೆಸ್?

ಡೆನ್ವರ್ ದಾಸಪ್ಪ · ಮೇ 27

ಎಲ್ಲರಿಗೂ ನಮಸ್ಕಾರ. ಈ ಲಾಂಗ್ ವೀಕೆಂಡ್‌ಗೆ ಕೊಲೊರಾಡೊದ ಗನ್ನಿಸನ್ ಕಡೆ ಟೆಂಟ್ ಹಾಕಲು ಹೋಗಿದ್ದೆವು. ಡೆನ್ವರ್‌ನಿಂದ ಕಾರಿನಲ್ಲಿ ಸುಮಾರು ನಾಲ್ಕು ಗಂಟೆ. ಆ ಊರೇ 2,300 ಮೀಟರ್ ಎತ್ತರದಲ್ಲಿದೆ, ನಾವಿದ್ದ ಜಾಗ ಇನ್ನೂ ಮೇಲೆ. ಮರದ ನೆರಳಿನಲ್ಲಿ ಹಿಮ ಇನ್ನೂ ಕರಗಿರಲಿಲ್ಲ. ಸುತ್ತ ಬೂದು ಬಣ್ಣದ ಸೇಜ್‌ಬ್ರಶ್ ಪೊದೆ, ನಡುನಡುವೆ ಜಲ್ಲಿ ಸುರಿದಂಥ ಒಣ ನೆಲ.

ಅಲ್ಲಿ ಈ ಗಿಡ ಕಂಡಿತು. ಒಂದು ಗೇಣು ಎತ್ತರ, ಒಂದೇ ಕಾಂಡ, ತುದಿಯಲ್ಲಿ ಅಚ್ಚ ಹಳದಿ ಹೂವು. ಬಗ್ಗಿ ಮೂಸಿದರೆ ಸಿಹಿ ವಾಸನೆ. ಮುಟ್ಟಿದರೆ ಬೆಲ್ಲದ ಪಾಕದ ಹಾಗೆ ಅಂಟಂಟು. ನೊಣಗಳು ಮುತ್ತಿದ್ದವು. ಎರಡು ಹೆಜ್ಜೆ ಆಚೆ ಅದೇ ಥರದ ಎಲೆಯ ಇನ್ನೊಂದು ಗಿಡ, ಅದರಲ್ಲಿ ತೆಳು ನೇರಳೆ ಬಣ್ಣದ ಸಣ್ಣ ಹೂವು. ಮೊಬೈಲ್ ಆ್ಯಪ್ ಎರಡಕ್ಕೂ ರಾಕ್‌ಕ್ರೆಸ್ (ಸಾಸಿವೆ ಕುಟುಂಬದ ಗಿಡವಂತೆ) ಅಂದಿತು, ಯಾವ ಜಾತಿ ಅಂತ ಹೇಳಲಿಲ್ಲ.

ನಾಲ್ಕು ಫೋಟೋ ಹಾಕಿದ್ದೇನೆ. ಹಳದಿ ಹೂವಿನ ರಾಕ್‌ಕ್ರೆಸ್ ಅಂತ ಇದೆಯಾ? ನನ್ನ ಹೆಂಡತಿ "ಅದು ಹೂವೇ ಅಲ್ಲ, ಗಿಡಕ್ಕೆ ಏನೋ ರೋಗ ಬಂದಿದೆ" ಅಂದಳು. ನಾನು ನಕ್ಕುಬಿಟ್ಟೆ.

ಚಾರಣದ ಚಪಲ · ಮೇ 27

ಹಳದಿ ಇದ್ದರೆ ವಾಲ್‌ಫ್ಲವರ್ ಇರಬೇಕು ಸಾರ್. ಅದೂ ಸಾಸಿವೆ ಕುಟುಂಬವೇ. ಕೊಲೊರಾಡೊದ ಬೆಟ್ಟಗಳಲ್ಲಿ ಬೇಕಾದಷ್ಟು ಇದೆ.

ಫ್ರೀಮಾಂಟ್ ಅಜ್ಜಿ · ಮೇ 27

ನನಗೆ ಬಟರ್‌ಕಪ್ ಹಾಗೆ ಕಾಣುತ್ತದೆ. ಮಗಳ ಮನೆಯ ಹಿಂದೆ ಇಂಥದ್ದೇ ಬರುತ್ತದೆ, ಹೊಳೆಯುವ ಹಳದಿ. ಆದರೆ ಎಲೆ ಹೊಂದುವುದಿಲ್ಲ ಅಲ್ವಾ?

ಸಾಸಿವೆ ಕಾಳು · ಮೇ 27

ದಾಸಪ್ಪನವರೇ, ಯಾರೂ ಅವಸರ ಮಾಡಬೇಡಿ. ಎರಡು ಪ್ರಶ್ನೆ. ಮೂರನೇ ಫೋಟೋ ದೊಡ್ಡದು ಮಾಡಿ ನೋಡಿ, ಆ ಹಳದಿ ಹೂವಿನಲ್ಲಿ ಎಸಳು ಎಷ್ಟು? ಕೇಸರ ಎಷ್ಟು?

ಸಾಸಿವೆ ಕುಟುಂಬದ ಹೂವಿನ ಲೆಕ್ಕ ತಪ್ಪುವುದು ತೀರಾ ಅಪರೂಪ. ನಾಲ್ಕು ಎಸಳು, ಅಡ್ಡ ಗೆರೆ ಉದ್ದ ಗೆರೆ ಎಳೆದ ಹಾಗೆ ಎದುರುಬದುರು. ಆರು ಕೇಸರ, ಅದರಲ್ಲಿ ನಾಲ್ಕು ಉದ್ದ, ಎರಡು ಗಿಡ್ಡ. ಊರಲ್ಲಿ ಮೂಲಂಗಿ ಹೂ ಬಿಟ್ಟಾಗ ಬಿಡಿಸಿ ನೋಡಿದ್ದರೆ ನೆನಪಿರುತ್ತದೆ.

ಡೆನ್ವರ್ ದಾಸಪ್ಪ · ಮೇ 27

ಮೇಡಂ, ಎಣಿಸಲು ಕೂತೆ. ಎಸಳು ಹತ್ತೋ ಹದಿನೈದೋ ಇವೆ, ಒಂದರ ಮೇಲೊಂದು, ಕೆಳಗಿನವು ಅರ್ಧ ಹಸಿರು. ಕೇಸರ ಒಂದೂ ಇಲ್ಲ. ಎಸಳಿನ ಮೈ ಮೇಲೆಲ್ಲ ಸೂಜಿಯಿಂದ ಚುಚ್ಚಿದಂಥ ಚುಕ್ಕೆಗಳಿವೆ. ಕ್ಯಾಮೆರಾದ ತೊಂದರೆ ಅಂದುಕೊಂಡಿದ್ದೆ.

ಧಾರವಾಡ ಫೇಡೆ · ಮೇ 28

ಚುಕ್ಕೆ ಅಂದಕೂಡಲೇ ನನ್ನ ಕಿವಿ ನೆಟ್ಟಗಾಯಿತು ನೋಡ್ರೀ. ಮೂವತ್ತು ವರ್ಷ ಕೃಷಿ ಇಲಾಖೆಯಲ್ಲಿ ಗೋಧಿ ಹೊಲ ತಿರುಗಿದವನು ನಾನು. ಗೋಧಿಗೆ ಬರುವ ತುಕ್ಕು ರೋಗಕ್ಕೆ ನಮ್ಮ ಕಡೆ ಭಂಡಾರ ರೋಗ ಅಂತಾರೆ. ಹೊಲದೊಳಗೆ ಹಾದು ಬಂದರೆ ಧೋತರಕ್ಕೆ ಭಂಡಾರ ಬಳಿದ ಹಾಗೆ ಪುಡಿ ಹತ್ತುತ್ತದೆ, ಅದಕ್ಕೆ ಆ ಹೆಸರು. ನಿಮ್ಮ ಫೋಟೋದಲ್ಲಿ ಇರುವುದು ಅದರ ಅಣ್ಣನೋ ತಮ್ಮನೋ ಇರಬೇಕು. ಮನೆಯವರು ಹೇಳಿದ್ದನ್ನು ನಗಬಾರದಿತ್ತು ನೀವು.

ಸಾಸಿವೆ ಕಾಳು · ಮೇ 28

ಧಾರವಾಡದ ಸರ್ ಸರಿಯಾಗಿ ಹಿಡಿದರು. ದಾಸಪ್ಪನವರೇ, ನಿಮ್ಮ ಹೆಂಡತಿಗೆ ನಮ್ಮೆಲ್ಲರ ಪರವಾಗಿ ಒಂದು ನಮಸ್ಕಾರ ಹೇಳಿ. ಅದು ಹೂವಲ್ಲ. ಗಿಡ ರಾಕ್‌ಕ್ರೆಸ್ಸೇ, ಆದರೆ ಆ ಹಳದಿಯನ್ನು ಮಾಡಿದ್ದು ಪಕ್ಸೀನಿಯಾ ಮೊನೊಯಿಕಾ ಎಂಬ ತುಕ್ಕು ಶಿಲೀಂಧ್ರ.

ಇದರ ಕೆಲಸ ಕೇಳಿದರೆ ಮೂಗಿನ ಮೇಲೆ ಬೆರಳಿಡುತ್ತೀರಿ. ಬೇಸಿಗೆಯ ಕೊನೆಯಲ್ಲಿ ಶಿಲೀಂಧ್ರದ ಬೀಜಕಣ ಗಾಳಿಯಲ್ಲಿ ಬಂದು ರಾಕ್‌ಕ್ರೆಸ್‌ನ ಪುಟ್ಟ ಗಿಡಕ್ಕೆ ಅಂಟುತ್ತದೆ. ಚಳಿಗಾಲ ಪೂರ್ತಿ ಹಿಮದ ಕೆಳಗೆ ಗಿಡದ ಒಳಗೇ ಇರುತ್ತದೆ. ವಸಂತದಲ್ಲಿ ಗಿಡ ಕಾಂಡ ಎತ್ತುವಾಗ ಅದರ ಬೆಳವಣಿಗೆಯ ಹಿಡಿತವನ್ನೇ ತಾನು ತೆಗೆದುಕೊಳ್ಳುತ್ತದೆ. ಗಿಡ ಹೂ ಬಿಡುವುದನ್ನು ನಿಲ್ಲಿಸುತ್ತದೆ. ಬದಲಿಗೆ ಕಾಂಡದ ತುದಿಯ ಎಲೆಗಳು ಒತ್ತಾಗಿ, ಹೂವಿನ ಹಾಗೆ ಜೋಡಿಸಿಕೊಂಡು, ಅಚ್ಚ ಹಳದಿಯಾಗುತ್ತವೆ. ಅದರ ಮೇಲೆ ಸಕ್ಕರೆ ಅಂಶದ ರಸ ಒಸರುತ್ತದೆ, ಪರಿಮಳವೂ ಬರುತ್ತದೆ. ನೀವು ಮುಟ್ಟಿದ ಬೆಲ್ಲದ ಪಾಕ ಅದೇ.

ಇಷ್ಟೆಲ್ಲ ನಾಟಕ ನೊಣಗಳನ್ನು ಕರೆಯಲು. ಈ ಶಿಲೀಂಧ್ರದಲ್ಲೂ ಒಂದಕ್ಕೊಂದು ಕೂಡಬೇಕಾದ ಬೇರೆ ಬೇರೆ ಬಗೆಗಳಿವೆ. ಒಂದು ಗಿಡದ ಕಣ ಇನ್ನೊಂದು ಗಿಡದ ಮೇಲಿನ ಶಿಲೀಂಧ್ರಕ್ಕೆ ತಲುಪಿದರೆ ಮಾತ್ರ ಮುಂದಿನ ಹಂತ. ಕಾಲಿಲ್ಲದ್ದು ಏನು ಮಾಡಬೇಕು? ಹೂವಿನ ವೇಷ ಹಾಕಿ ನೊಣದ ಕಾಲು ಬಾಡಿಗೆಗೆ ತೆಗೆದುಕೊಳ್ಳುತ್ತದೆ.

ಕೊಲೊರಾಡೊದಲ್ಲೇ ಇದನ್ನು ಅಧ್ಯಯನ ಮಾಡಿದ್ದು ಬಿಟಿ ರಾಯ್ ಎಂಬ ಅಮೆರಿಕದ ವಿಜ್ಞಾನಿ. 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ವೇಷದ ಹೂವು ತಾನು ಹೊಕ್ಕ ಗಿಡದ ನಿಜವಾದ ಹೂವನ್ನು ಹೋಲುವುದೇ ಇಲ್ಲ. ಅದೇ ಹೊತ್ತಿಗೆ ಅಲ್ಲಿ ಅರಳುವ ಬಟರ್‌ಕಪ್‌ಗಳನ್ನು ಹೋಲುತ್ತದೆ. ಅಜ್ಜಿಯವರೇ, ನೀವು ಬಟರ್‌ಕಪ್ ಅಂದಿದ್ದು ತಪ್ಪೇನಲ್ಲ, ನೊಣಕ್ಕೂ ಹಾಗೇ ಅನ್ನಿಸುತ್ತದೆ.

ಫ್ರೀಮಾಂಟ್ ಅಜ್ಜಿ · ಮೇ 28

ಅಯ್ಯೋ ರಾಮ! ನೊಣದ ಸಾಲಿಗೆ ಸೇರಿಸಿದೆಯಲ್ಲ ತಾಯಿ ನನ್ನ.

ಡೆನ್ವರ್ ದಾಸಪ್ಪ · ಮೇ 28

ಹೆಂಡತಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಮಾತಾಡಿದ್ದರೆ ಒಳ್ಳೆಯದಿತ್ತು.

ಸರಿ, ಹಳದಿ ವಿಷಯ ಬಿಡೋಣ. ನೇರಳೆ ಹೂವಿನದ್ದು ನಿಜವಾದ ರಾಕ್‌ಕ್ರೆಸ್ ತಾನೇ? ಅದು ಯಾವ ಜಾತಿ?

ಸಾಸಿವೆ ಕಾಳು · ಮೇ 28

ಅದು ನಿಜವಾದದ್ದೇ. ಆದರೆ ಈ ಫೋಟೋದಿಂದ ಜಾತಿ ಹೇಳಲು ಹೋಗುವುದಿಲ್ಲ. ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ರಾಕ್‌ಕ್ರೆಸ್ ಅನ್ನುವುದು ಒಂದು ಗಿಡದ ಹೆಸರಲ್ಲ. ನಮ್ಮಲ್ಲಿ ಸೊಪ್ಪು ಅಂದ ಹಾಗೆ. ಯುರೋಪಿನ ಅರಾಬಿಸ್‌ಗೂ ರಾಕ್‌ಕ್ರೆಸ್ ಅಂತಾರೆ, ತೋಟದ ಆಬ್ರಿಯೇಟಾಗೂ ಅಂತಾರೆ, ಅರಾಬಿಡಾಪ್ಸಿಸ್‌ನ ಕೆಲವಕ್ಕೂ ಅಂತಾರೆ. ಅಮೆರಿಕದ ಪಶ್ಚಿಮದ ಬೆಟ್ಟಗಳಲ್ಲಿ ನೀವು ಕಾಣುವ ಹೆಚ್ಚಿನವು ಬೋಕೆರಾ. ಮೊದಲು ಇವನ್ನೂ ಅರಾಬಿಸ್‌ಗೇ ಸೇರಿಸಿದ್ದರು. 1970ರ ದಶಕದಲ್ಲಿ ಬೇರೆ ಕುಲ, ಅಂದರೆ ಹತ್ತಿರದ ಜಾತಿಗಳ ಬೇರೆ ಗುಂಪು, ಮಾಡಬೇಕು ಎಂಬ ಮಾತು ಬಂತು, ಡೆನ್ಮಾರ್ಕಿನ ಸಸ್ಯವಿಜ್ಞಾನಿ ಬೋಕರ್ ಅವರ ಹೆಸರಿಟ್ಟರು. 2003ರಲ್ಲಿ ಅಲ್-ಶೆಹ್ಬಾಜ್ ಎಂಬ ತಜ್ಞರು ಬಹುತೇಕ ಎಲ್ಲವನ್ನೂ ಅದಕ್ಕೆ ವರ್ಗಾಯಿಸಿದರು. ಕಾರಣ ಗಟ್ಟಿಯಾಗಿತ್ತು. ಅರಾಬಿಸ್‌ನ ಕ್ರೋಮೋಸೋಮ್ ಲೆಕ್ಕ 8ರ ಮೇಲೆ ನಿಂತಿದೆ, ಬೋಕೆರಾದ್ದು 7ರ ಮೇಲೆ. ಹೊರನೋಟಕ್ಕೆ ಅಕ್ಕತಂಗಿಯರು, ಒಳಗೆ ದೂರದ ಸಂಬಂಧ. ಹಳೆಯ ಪುಸ್ತಕ ಇಟ್ಟುಕೊಂಡವರು ಇದನ್ನು ನೆನಪಿಡಿ, ಅರ್ಧ ಹೆಸರು ಬದಲಾಗಿದೆ.

ಈಗ ಬೋಕೆರಾದಲ್ಲಿ ನೂರಕ್ಕೂ ಜಾಸ್ತಿ ಜಾತಿ. ಹೆಚ್ಚಿನವುಗಳ ಹೂವು ಹೀಗೇ: ಬಿಳಿ, ಇಲ್ಲವೇ ತೆಳು ನೇರಳೆ, ಅರ್ಧ ಸೆಂಟಿಮೀಟರ್ ಆಚೀಚೆ. ಹೂ ನೋಡಿ ಇವನ್ನು ಗುರುತಿಸುತ್ತೇನೆ ಅನ್ನುವವರು ದನದ ಕಿವಿ ನೋಡಿ ಹಾಲಿನ ಲೆಕ್ಕ ಹೇಳಿದ ಹಾಗೆ. ಎರಡು ಕಡೆ ನೋಡಬೇಕು: ಕಾಯಿ ಯಾವ ದಿಕ್ಕಿಗೆ ನಿಂತಿದೆ, ಬುಡದ ಎಲೆಯ ಕೂದಲು ಹೇಗಿದೆ.

ಕಾಯಿ ಸಾಸಿವೆ ಕಾಯಿಗಿಂತ ತೆಳ್ಳಗೆ, ಉದ್ದ, ಚಪ್ಪಟೆ. ನಾಲ್ಕೈದು ಸೆಂಟಿಮೀಟರ್ ಉದ್ದ, ಒಂದೆರಡು ಮಿಲಿಮೀಟರ್ ಅಗಲ. ನಿಮ್ಮ ಕಡೆ ಜಾಸ್ತಿ ಸಿಗುವ ಎರಡನ್ನು ತೆಗೆದುಕೊಳ್ಳಿ. ಬೋಕೆರಾ ಸ್ಟ್ರಿಕ್ಟಾದ ಕಾಯಿಗಳು ಕಾಂಡಕ್ಕೆ ಅಂಟಿಕೊಂಡು ನೆಟ್ಟಗೆ ಆಕಾಶ ನೋಡುತ್ತವೆ. ಬೋಕೆರಾ ರೆಟ್ರೊಫ್ರಾಕ್ಟಾದ ಕಾಯಿಗಳು ತೊಟ್ಟಿನಲ್ಲೇ ಗಕ್ಕನೆ ಮಡಚಿಕೊಂಡು ನೆಲದ ಕಡೆ ಇಳಿಬಿದ್ದು, ಹೆಚ್ಚು ಕಡಿಮೆ ಕಾಂಡಕ್ಕೆ ತಾಗಿರುತ್ತವೆ. ಒಂದು ಸಲ ನೋಡಿದರೆ ಮರೆಯುವುದಿಲ್ಲ.

ಕೂದಲಿಗೆ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಬೇಕು. ಸ್ಟ್ರಿಕ್ಟಾದ ಬುಡದ ಎಲೆಯಲ್ಲಿ ಕೂದಲು ಎರಡು ಕೈ ಚಾಚಿ ಮಲಗಿದ ಹಾಗೆ, ನಡುವೆ ಮಾತ್ರ ಎಲೆಗೆ ಅಂಟಿರುತ್ತದೆ. ರೆಟ್ರೊಫ್ರಾಕ್ಟಾದಲ್ಲಿ ಸಣ್ಣ ಸಣ್ಣ ನಕ್ಷತ್ರ, ಐದಾರು ಕವಲು, ಎಷ್ಟು ಒತ್ತಾಗಿರುತ್ತದೆ ಅಂದರೆ ಎಲೆಯೇ ಬೂದಿ ಬಳಿದ ಹಾಗೆ ಕಾಣುತ್ತದೆ.

ಮೇ ತಿಂಗಳಲ್ಲಿ ಕಾಯಿ ಇಲ್ಲ. ಜುಲೈನಲ್ಲಿ ಮತ್ತೆ ಹೋಗುವ ನೆಪ ಸಿಕ್ಕಿತಲ್ಲ.

ಲ್ಯಾಬ್ ಇಲಿ · ಮೇ 28

ಅಕ್ಕಾ, ಒಂದು ಸೇರಿಸಲಾ? ಬೆಂಗಳೂರಿನ ಲ್ಯಾಬೊಂದರಲ್ಲಿ ಅರಾಬಿಡಾಪ್ಸಿಸ್ ಥಾಲಿಯಾನಾ ಬೆಳೆಸುವುದೇ ನನ್ನ ಪಿಎಚ್‌ಡಿ. 2000ದಲ್ಲಿ ಗಿಡಗಳ ಪೈಕಿ ಮೊದಲು ಪೂರ್ತಿ ಜೀನೋಮ್ ಓದಿದ್ದು ಇದರದ್ದೇ. ಆರೇಳು ವಾರದಲ್ಲಿ ಬೀಜದಿಂದ ಬೀಜ. ಈ ಗಿಡದ ಎಲೆಯ ಮೇಲಿನ ಒಂದೊಂದು ಕೂದಲೂ ಒಂದೇ ಒಂದು ಜೀವಕೋಶ, ಮೂರು ಕವಲು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೆಂಜ್ ಕಾರಿನ ಲಾಂಛನ. ಕೂದಲಿನ ಕವಲು ಎಣಿಸುವುದು ಹುಚ್ಚು ಅಂತ ಯಾರೂ ಅಂದುಕೊಳ್ಳಬೇಡಿ, ನಮ್ಮಲ್ಲಿ ಜನ ಅದನ್ನೇ ವರ್ಷಗಟ್ಟಲೆ ಎಣಿಸುತ್ತಾರೆ. ಸಂಬಳವೂ ಬರುತ್ತದೆ, ತಡವಾಗಿ.

ತೀರ್ಥಹಳ್ಳಿ ತೋಟದವ · ಮೇ 29

ನಮ್ಮ ಪಶ್ಚಿಮ ಘಟ್ಟದಲ್ಲಿ ರಾಕ್‌ಕ್ರೆಸ್ ಇದೆಯಾ? ಕುದುರೆಮುಖದ ಬಂಡೆಗಳ ಮೇಲೆ ಎಲ್ಲಾದರೂ?

ಸಾಸಿವೆ ಕಾಳು · ಮೇ 29

ಇಲ್ಲ ಸರ್. ಕಾಡು ರಾಕ್‌ಕ್ರೆಸ್‌ಗಳು ತಂಪು ನಾಡಿನ ಗಿಡಗಳು. ಬಹುತೇಕ ಜಾತಿಗಳಿಗೆ ಹಲವಾರು ವಾರ ಗಟ್ಟಿ ಚಳಿ ಸಿಗದಿದ್ದರೆ ಹೂ ಬಿಡುವ ಬುದ್ಧಿಯೇ ಬರುವುದಿಲ್ಲ. ಕುದುರೆಮುಖದಲ್ಲಿ ಬಂಡೆ ಇದೆ, ಆ ಚಳಿ ಇಲ್ಲ. ಮೇಲೆ ಆರೇಳು ಸಾವಿರ ಮಿಲಿಮೀಟರ್ ಮಳೆ, ಇವು ಕೊಳೆತೇ ಹೋಗುತ್ತವೆ.

ಸಾಸಿವೆ ಕುಟುಂಬದ ಕಾಡು ಗಿಡಗಳೇ ದಕ್ಷಿಣದಲ್ಲಿ ಕಡಿಮೆ. ಗದ್ದೆಯ ಬದುವಿನಲ್ಲಿ ಸಣ್ಣ ಹಳದಿ ಹೂವಿನ ರೋರಿಪ್ಪಾ ಬರುತ್ತದೆ, ನೀವು ಕಳೆ ಅಂತ ಕಿತ್ತಿರುತ್ತೀರಿ. ನೀಲಗಿರಿಯಂಥ ಎತ್ತರದ ಬೆಟ್ಟದ ತೊರೆ ಪಕ್ಕ ಕಾರ್ಡಮೈನ್ ಇದೆ, ಅದು ರಾಕ್‌ಕ್ರೆಸ್‌ನ ದೊಡ್ಡಪ್ಪನ ಮಕ್ಕಳು ಅನ್ನಬಹುದು. ಕ್ರೆಸ್ ಅನ್ನುವುದರ ಪರಿಚಯ ನಮ್ಮವರಿಗೆ ಇರುವುದು ಆಳವಿ ಬೀಜದಿಂದ.

ಧಾರವಾಡ ಫೇಡೆ · ಮೇ 29

ಆಳವಿ! ಬಾಣಂತಿಗೆ ಆಳವಿ ಉಂಡಿ, ಆಳವಿ ಪಾಯಸ ಇಲ್ಲದ ಮನೆ ನಮ್ಮ ಕಡೆ ಇಲ್ಲರೀ. ಅದೂ ಇದೇ ಬಳಗ ಅಂತ ಇವತ್ತು ಗೊತ್ತಾಯಿತು.

ತುಕ್ಕಿನ ಬಗ್ಗೆ ಒಂದು ಮಾತು ಉಳಿದಿತ್ತು. ಈ ಶಿಲೀಂಧ್ರಕ್ಕೆ ಎರಡು ಮನೆ ಇರಬೇಕಲ್ಲ? ಗೋಧಿಯ ಕಾಂಡದ ತುಕ್ಕಿಗೆ ಒಂದು ಮನೆ ಗೋಧಿ, ಇನ್ನೊಂದು ಬಾರ್ಬೆರಿ ಪೊದೆ. ಅಮೆರಿಕದಲ್ಲಿ ಅದಕ್ಕಾಗಿಯೇ ಬಾರ್ಬೆರಿ ಕಡಿದು ಹಾಕಿದರು. ನಮ್ಮಲ್ಲಿ ಮಾತ್ರ ಬಾರ್ಬೆರಿಯ ಪಾತ್ರ ಇಲ್ಲ. ಬೇಸಿಗೆಯಲ್ಲಿ ನೀಲಗಿರಿ, ಪಳನಿ ಬೆಟ್ಟದ ತಂಪಿನಲ್ಲಿ ಉಳಿದು, ಗಾಳಿ ಹಿಡಿದು ಕೆಳಗಿನ ಹೊಲಕ್ಕೆ ಬರುತ್ತದೆ ಅಂತ ಸಸ್ಯರೋಗ ವಿಜ್ಞಾನಿ ಕೆ. ಸಿ. ಮೆಹ್ತಾ ಅವರು ಬಹಳ ಹಿಂದೆಯೇ ತೋರಿಸಿದ್ದರು.

ಸಾಸಿವೆ ಕಾಳು · ಮೇ 29

ಹೌದು ಸರ್, ಇದಕ್ಕೂ ಎರಡು ಮನೆ. ಒಂದು ರಾಕ್‌ಕ್ರೆಸ್, ಇನ್ನೊಂದು ಅಲ್ಲೇ ಬೆಳೆಯುವ ಹುಲ್ಲುಗಳು. ನೊಣ ತನ್ನ ಕೆಲಸ ಮುಗಿಸಿದ ಮೇಲೆ ಹಳದಿ ಬಣ್ಣ ಇಳಿದು ಎಲೆ ಮತ್ತೆ ಹಸಿರಾಗುತ್ತದೆ, ಅಲ್ಲಿಂದ ಹೊಸ ಕಣಗಳು ಹುಲ್ಲಿಗೆ ಹಾರುತ್ತವೆ. ಹುಲ್ಲಿನಿಂದ ಬೇಸಿಗೆಯ ಕೊನೆಗೆ ವಾಪಸ್ ರಾಕ್‌ಕ್ರೆಸ್‌ಗೆ.

ಕುಂದಾಪ್ರ ಕೂಸು · ಮೇ 29

ನಾನು ವರ್ಜೀನಿಯಾದಲ್ಲಿರುವುದು ಮಾರಾಯ್ರೆ. ಇಲ್ಲಿಯ ರಾಕ್‌ಕ್ರೆಸ್ ಕಥೆ ಬೇರೆ. ಅಪಲೇಶಿಯನ್ ಬೆಟ್ಟಗಳಲ್ಲಿ ಶೇಲ್ ಬ್ಯಾರೆನ್ ಅಂತ ಜಾಗಗಳಿವೆ. ಪದರ ಪದರ ಉದುರುವ ಕಪ್ಪು ಮಿಶ್ರಿತ ಕಂದು ಕಲ್ಲು, ಕಡಿದಾದ ಇಳಿಜಾರು, ದಕ್ಷಿಣದ ಬಿಸಿಲಿಗೆ ಮುಖ. ಸುತ್ತ ದಟ್ಟ ಕಾಡು, ನಡುವೆ ಬೋಳು ತಲೆಯ ಹಾಗೆ ಈ ಜಾಗ. ಬೇಸಿಗೆಯಲ್ಲಿ ಕೈ ಇಟ್ಟರೆ ಹಂಚಿನ ಹಾಗೆ ಸುಡುತ್ತದೆ. ಅಲ್ಲಿ ಬೋಕೆರಾ ಸೆರೋಟಿನಾ ಅಂತ ಒಂದು ಉಂಟು. ವರ್ಜೀನಿಯಾ, ವೆಸ್ಟ್ ವರ್ಜೀನಿಯಾ ಬಿಟ್ಟು ಪ್ರಪಂಚದಲ್ಲಿ ಎಲ್ಲೂ ಇಲ್ಲ. ಉಳಿದ ರಾಕ್‌ಕ್ರೆಸ್‌ಗಳು ವಸಂತದಲ್ಲೇ ಹೂ ಮುಗಿಸಿದರೆ ಇದು ನಡು ಬೇಸಿಗೆಯಲ್ಲಿ ಶುರು ಮಾಡುತ್ತದೆ. 1989ರಲ್ಲಿ ಇದನ್ನು ಅಳಿವಿನಂಚಿನ ಗಿಡ ಅಂತ ಪಟ್ಟಿಗೆ ಸೇರಿಸಿದರು. ಜಿಂಕೆಗಳ ಬಾಯಿಯೇ ಅದಕ್ಕೆ ದೊಡ್ಡ ಶತ್ರು, ಹೂವಿನ ಕಾಂಡ ಬಂದಕೂಡಲೇ ಮೇಯ್ದು ಹೋಗುತ್ತವೆ.

ಒಮ್ಮೆ ಹತ್ತಲು ಹೋಗಿ ಕಲ್ಲು ಜಾರಿ ಪ್ಯಾಂಟ್ ಹರಿದುಕೊಂಡು ಬಂದೆ. ಆಮೇಲೆ ಗೊತ್ತಾಯಿತು, ನಾವು ಹಾಗೆ ಹತ್ತುವುದರಿಂದಲೇ ಆ ಗಿಡಗಳ ಬೇರು ಸಡಿಲವಾಗುತ್ತದಂತೆ. ಈಗ ಕೆಳಗಿನ ರಸ್ತೆಯಿಂದ ದುರ್ಬೀನು ಹಿಡಿದು ನೋಡುವುದು ಮಾತ್ರ.

ಬ್ರಿಸ್ಟಲ್ ಬೈಸಿಕಲ್ · ಮೇ 30

ಶೇಲ್ ಬ್ಯಾರೆನ್ ಓದಿ ನಮ್ಮೂರಿನದು ಹೇಳದಿದ್ದರೆ ಆಗುವುದಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಊರೊಳಗೇ ಏವನ್ ಕಮರಿ ಇದೆ. ಮೇಲೆ 1864ರಲ್ಲಿ ತೆರೆದ ತೂಗು ಸೇತುವೆ, ಕೆಳಗೆ ನದಿ, ಪಕ್ಕದಲ್ಲಿ ಟ್ರಾಫಿಕ್ಕು. ಆ ಕಮರಿಯ ಸುಣ್ಣಕಲ್ಲಿನ ಗೋಡೆಯಲ್ಲಿ ಬ್ರಿಸ್ಟಲ್ ರಾಕ್‌ಕ್ರೆಸ್ ಇದೆ, ಅರಾಬಿಸ್ ಸ್ಕೇಬ್ರಾ. ಯುರೋಪಿನ ಬೇರೆ ಬೆಟ್ಟಗಳಲ್ಲೂ ಇದೆ, ಆದರೆ ಬ್ರಿಟನ್ನಿನಲ್ಲಿ ತಾನಾಗಿ ಬೆಳೆಯುವುದು ಇಲ್ಲಿ ಮಾತ್ರ. ಬೆರಳುದ್ದದ ಗಿಡ, ಕೆನೆ ಬಣ್ಣದ ಹೂವು, ಕರಿ ಹಸಿರು ಎಲೆ, ಅಂಚಿನಲ್ಲಿ ಒರಟು ಕೂದಲು. 1981ರ ವನ್ಯಜೀವಿ ಕಾಯ್ದೆಯಲ್ಲಿ ಹೆಸರು ಹಿಡಿದು ರಕ್ಷಣೆ ಕೊಟ್ಟಿದ್ದಾರೆ, ಕಿತ್ತರೆ ಅಪರಾಧ.

ನಾನು ಎರಡು ವರ್ಷ ಅದರ ಮುಂದೆಯೇ ಸೈಕಲ್ಲಿನಲ್ಲಿ ಆಫೀಸಿಗೆ ಹೋಗಿದ್ದೇನೆ. ನೋಡಿದ್ದು ಮೂರನೇ ವರ್ಷ, ಅದೂ ಟೈರ್ ಪಂಕ್ಚರ್ ಆಗಿ ನಿಂತಾಗ.

ಇದೇ ಕಾಯ್ದೆಯಲ್ಲಿ ಇರುವ ಇನ್ನೊಂದು ಅರಾಬಿಸ್ ಆಲ್ಪಿನಾ. ಬ್ರಿಟನ್ನಿನಲ್ಲಿ ಅದರ ಕಾಡು ನೆಲೆ ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಕುಲಿನ್ ಬೆಟ್ಟ ಒಂದೇ.

ಲ್ಯಾಬ್ ಇಲಿ · ಮೇ 30

ಅರಾಬಿಸ್ ಆಲ್ಪಿನಾ ಮಹಾ ತಿರುಗಾಟಗಾರ. ಆಲ್ಪ್ಸ್, ನಾರ್ವೆ, ಗ್ರೀನ್‌ಲ್ಯಾಂಡ್ ಅಷ್ಟೇ ಅಲ್ಲ, ಇಥಿಯೋಪಿಯಾ, ಕೆನ್ಯಾದ ಎತ್ತರದ ಬೆಟ್ಟಗಳಲ್ಲೂ ಇದೆ. ಡಿಎನ್‌ಎ ಹೋಲಿಸಿ ನೋಡಿದಾಗ ಮೂಲ ಟರ್ಕಿಯ ಕಡೆ, ಅಲ್ಲಿಂದ ಬೇರೆ ಬೇರೆ ಕಾಲದಲ್ಲಿ ಮೂರು ದಾರಿ ಹಿಡಿದು ಹೊರಟಿದೆ ಅಂತ 2006ರಲ್ಲಿ ಪ್ರಕಟವಾಯಿತು. ಸಮಭಾಜಕದ ಹತ್ತಿರ ಚಳಿ ಎಲ್ಲಿಂದ ಬಂತು ಅಂದರೆ, ಆ ಬೆಟ್ಟಗಳು ಅಷ್ಟು ಎತ್ತರ.

ಫ್ರೀಮಾಂಟ್ ಅಜ್ಜಿ · ಮೇ 30

ನನ್ನ ದೂರು ಕೇಳಿ. ಹೋದ ವರ್ಷ ಇಲ್ಲಿನ ನರ್ಸರಿಯೊಂದರಲ್ಲಿ "ಸ್ಥಳೀಯ ಕಾಡು ರಾಕ್‌ಕ್ರೆಸ್" ಅಂತ ಚೀಟಿ ಇದ್ದ ಆರು ಕುಂಡ ತಂದೆ. ಇಲ್ಲಿನ ಚಿಟ್ಟೆಗಳಿಗೆ ಒಳ್ಳೆಯದು ಅಂದರು. ಬಿಳಿ ಹೂವು ಮಲ್ಲಿಗೆ ದಂಡೆಯ ಹಾಗೆ ತುಂಬಿತು. ಈಗ ನೀವೆಲ್ಲ ಬರೆಯುವುದು ಓದಿದರೆ ಅನುಮಾನ ಬರುತ್ತಿದೆ. ಎಲೆ ದಪ್ಪ, ಮೃದು, ಬೂದು ಬಣ್ಣ, ನೆಲದ ಮೇಲೆ ಚಾಪೆ ಹಾಸಿದ ಹಾಗೆ ಹಬ್ಬಿದೆ. ಎಸಳು ದೊಡ್ಡದು, ಕಿರುಬೆರಳಿನ ಉಗುರಿನಷ್ಟು.

ಸಾಸಿವೆ ಕಾಳು · ಮೇ 31

ಅಜ್ಜೀ, ನಿಮ್ಮ ಅನುಮಾನ ಸರಿ. ನೀವು ಹೇಳಿದ ಲಕ್ಷಣ ಎಲ್ಲ ಅರಾಬಿಸ್ ಕಾಕೇಸಿಕಾದ್ದು, ತೋಟದ ರಾಕ್‌ಕ್ರೆಸ್. ಮೆಡಿಟರೇನಿಯನ್‌ನ ಪೂರ್ವ ಭಾಗದಿಂದ ಇರಾನ್‌ವರೆಗಿನ ಬೆಟ್ಟದ್ದು. ಚೆಂದದ ಗಿಡ, ಜೇನಿಗೂ ಇಷ್ಟ. ನಿಮ್ಮ ಕ್ಯಾಲಿಫೋರ್ನಿಯಾದ್ದು ಮಾತ್ರ ಅಲ್ಲ.

ಅಲ್ಲಿನದೇ ಅರಾಬಿಸ್ ಒಂದಿದೆ. ಮೆಕ್‌ಡೊನಾಲ್ಡ್ ರಾಕ್‌ಕ್ರೆಸ್. ನಿಮ್ಮಿಂದ ಉತ್ತರಕ್ಕೆ ಮೆಂಡೊಸಿನೊ ಕೌಂಟಿಯ ರೆಡ್ ಮೌಂಟನ್, ಅಲ್ಲಿಂದ ಒರೆಗಾನ್‌ನ ನೈಋತ್ಯ ಮೂಲೆ ತನಕ, ಸರ್ಪೆಂಟೈನ್ ಕಲ್ಲಿನ ಕೆಂಪು ಮಣ್ಣಿನಲ್ಲಿ. ಗುಲಾಬಿ ನೇರಳೆ ಹೂವು. ಅಮೆರಿಕದ ಅಳಿವಿನಂಚಿನ ಪಟ್ಟಿಗೆ 1978ರಲ್ಲೇ ಸೇರಿತು. ಆ ಮಣ್ಣಿನಲ್ಲಿ ನಿಕಲ್, ಕ್ರೋಮಿಯಂ, ಮೆಗ್ನೀಸಿಯಂ ಜಾಸ್ತಿ, ಸುಣ್ಣದ ಅಂಶ ಕಡಿಮೆ. ಬೇರೆ ಗಿಡಗಳು ಸೊರಗುತ್ತವೆ, ಇದಕ್ಕೆ ಪೈಪೋಟಿ ತಪ್ಪುತ್ತದೆ. ಆ ಜಾತಿಯ ಕಲ್ಲು ನಮ್ಮಲ್ಲೂ ಇದೆ, ಹಾಸನ ಜಿಲ್ಲೆಯ ಬೈರಾಪುರದಲ್ಲಿ ಕ್ರೋಮೈಟ್ ಅದಿರು ಸಿಗುವುದು ಅಂಥ ಬಂಡೆಯಲ್ಲೇ.

ಗಮನಿಸಿ ನೋಡಿ. ಶೇಲ್, ಸುಣ್ಣಕಲ್ಲು, ಸರ್ಪೆಂಟೈನ್, ದಾಸಪ್ಪನವರ ಜಲ್ಲಿ. ಕಲ್ಲು ಬೇರೆ ಬೇರೆ, ಆದರೆ ಎಲ್ಲ ಕಡೆ ನೆಲ ಬಡವಾಗಿದೆ, ಬಿಸಿಲು ತುಂಬಾ ಇದೆ, ಎತ್ತರದ ಗಿಡಗಳಿಗೆ ಕಾಲೂರಲು ಆಗುವುದಿಲ್ಲ. ರಾಕ್‌ಕ್ರೆಸ್ ಬಂಡೆಯನ್ನು ಪ್ರೀತಿಸುತ್ತದೆ ಅನ್ನುವುದಕ್ಕಿಂತ, ನೆರಳು ಬಿದ್ದರೆ ಸೋಲುತ್ತದೆ ಅನ್ನುವುದು ಸರಿ.

ಫ್ರೀಮಾಂಟ್ ಅಜ್ಜಿ · ಮೇ 31

ಆರು ಕುಂಡಕ್ಕೆ ಅರವತ್ತು ಡಾಲರ್ ಕೊಟ್ಟೆ. ಅಳಿಯನಿಗೆ ಹೇಳುವುದಿಲ್ಲ.

ಚಾರಣದ ಚಪಲ · ಜೂನ್ 2

ಹಿಮಾಲಯದ್ದು ಯಾರೂ ಹೇಳಲಿಲ್ಲ. ಹೋದ ವರ್ಷ ಹಿಮಾಚಲದ ಲಾಹೌಲ್ ಕಡೆ ಇಂಥದ್ದೇ ಗಿಡ ಕಂಡಿದ್ದೆ. ತೆಳ್ಳಗೆ ಉದ್ದ ಕಾಯಿ, ಸಣ್ಣ ನೇರಳೆ ಹೂವು, ಮೈ ತುಂಬ ಕೂದಲು. ಅದೂ ರಾಕ್‌ಕ್ರೆಸ್ಸಾ?

ಸಾಸಿವೆ ಕಾಳು · ಜೂನ್ 2

ಭಾರತದಲ್ಲಿ ಈ ಬಳಗ ನೋಡಬೇಕಾದರೆ ಹಿಮಾಲಯಕ್ಕೇ ಹೋಗಬೇಕು. ಅರಾಬಿಸ್‌ನ ಕೆಲವು ಜಾತಿ ಅಲ್ಲಿವೆ. ನೀವು ಕಂಡದ್ದು ಕ್ರೂಸಿಹಿಮಾಲಯಾ ಕೂಡ ಆಗಿರಬಹುದು. ಕ್ರೂಸಿ ಅಂದರೆ ಶಿಲುಬೆ, ಹೂವಿನ ಆಕಾರಕ್ಕೆ. ಮೊದಲು ಅದನ್ನು ಅರಾಬಿಡಾಪ್ಸಿಸ್ ಅಂತಲೇ ಕರೆಯುತ್ತಿದ್ದರು, 1999ರಲ್ಲಿ ಬೇರೆ ಕುಲ ಮಾಡಿದರು. ಕಾಯಿ ಮತ್ತು ಬುಡದ ಎಲೆಯ ಫೋಟೋ ಇದ್ದರೆ ಹಾಕಿ.

ಚಾರಣದ ಚಪಲ · ಜೂನ್ 2

ಇರುವುದೆಲ್ಲ ಹೂವಿನ ಫೋಟೋಗಳೇ. ಅದರಲ್ಲೂ ಅರ್ಧದಲ್ಲಿ ನನ್ನ ಬೂಟು ಇದೆ.

ಡೆನ್ವರ್ ದಾಸಪ್ಪ · ಜುಲೈ 14

ವರದಿ ಒಪ್ಪಿಸಲು ಬಂದೆ! ಭೂತಗನ್ನಡಿ ತರಿಸಿಕೊಂಡು, ಮತ್ತೆ ಗನ್ನಿಸನ್‌ಗೆ ಹೋಗಿದ್ದೆವು. ಅದೇ ಜಾಗ ಹುಡುಕಲು ಅರ್ಧ ದಿನ ಹೋಯಿತು, ಯಾಕಂದರೆ ಹಳದಿ ಒಂದೂ ಇಲ್ಲ. ಮೇಡಂ ಹೇಳಿದ ಹಾಗೆ ಎಲ್ಲ ಹಸಿರಾಗಿದೆ. ಆ ಗಿಡಗಳಲ್ಲಿ ಒಂದು ಕಾಯಿಯೂ ಇಲ್ಲ. ತುದಿಯಲ್ಲಿ ಎಲೆಗಳ ಗೊಂಚಲು ಮಾತ್ರ ಒಣಗುತ್ತಾ ನಿಂತಿದೆ.

ನೇರಳೆ ಹೂವಿನದು ಸಿಕ್ಕಿತು. ಕಾಯಿಗಳು ಕೆಳಗೆ ಇಳಿಬಿದ್ದಿವೆ, ತೊಟ್ಟು ಮಡಚಿದೆ. ಬುಡದ ಎಲೆಯಲ್ಲಿ ನಕ್ಷತ್ರ. ಕಂಡಾಗ ಮಕ್ಕಳಿಗಿಂತ ಜೋರಾಗಿ ನಾನೇ ಕೂಗಿದೆ. ರೆಟ್ರೊಫ್ರಾಕ್ಟಾ ತಾನೇ?

ಇಳಿಜಾರಿನ ಕೆಳಗೆ ಹುಲ್ಲು ಜಾಸ್ತಿ ಇದ್ದ ಕಡೆ ನೆಟ್ಟಗೆ ಕಾಯಿ ನಿಂತವು ಸಿಕ್ಕವು, ಕೈ ಚಾಚಿ ಮಲಗಿದ ಕೂದಲು. ಅದು ಸ್ಟ್ರಿಕ್ಟಾ ಅಂದುಕೊಂಡೆ. ತೊಂದರೆ ಏನೆಂದರೆ, ಇವೆರಡರ ನಡುವೆ ಒಂದಿಷ್ಟು ಗಿಡಗಳಲ್ಲಿ ಕಾಯಿ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಬಸ್ಸಿಗೆ ಕೈ ಅಡ್ಡ ಹಿಡಿದ ಹಾಗೆ ಪಕ್ಕಕ್ಕೆ ಚಾಚಿವೆ. ಕೂದಲು ಮೂರು ಕವಲು, ಕೆಲವು ಎರಡು. ಫೋಟೋ 5 ನೋಡಿ.

ಸಾಸಿವೆ ಕಾಳು · ಜುಲೈ 14

ಮೊದಲ ಎರಡೂ ಸರಿ. ಇಷ್ಟು ಒಳ್ಳೆಯ ಕೂದಲಿನ ಫೋಟೋ ನನ್ನ ವಿದ್ಯಾರ್ಥಿಗಳೂ ತರುವುದಿಲ್ಲ. ಮೂರನೆಯದು ಅವೆರಡರ ಮಿಶ್ರಣ, ಬೋಕೆರಾ ಡೈವರಿಕಾರ್ಪಾ ಅಂತ ಕರೆಯುವ ಗುಂಪು. ಕಾಯಿ ಬಿಡಿಸಿದರೆ ಅದರಲ್ಲೂ ಕಾಣುತ್ತದೆ. ಸ್ಟ್ರಿಕ್ಟಾದಲ್ಲಿ ಬೀಜ ಎರಡು ಸಾಲು, ರೆಟ್ರೊಫ್ರಾಕ್ಟಾದಲ್ಲಿ ಒಂದು ಸಾಲು, ಇದರಲ್ಲಿ ಎರಡರ ನಡುವಿನ ಗೊಂದಲ.

ಸಾಮಾನ್ಯವಾಗಿ ಇಂಥ ಬೆರಕೆ ಒಂದು ತಲೆಮಾರಿಗೆ ನಿಲ್ಲುತ್ತದೆ, ಇಲ್ಲವೇ ಮತ್ತೆ ಬೆರೆತು ಕರಗಿಹೋಗುತ್ತದೆ. ಬೋಕೆರಾ ಹಾಗಲ್ಲ. ಇದರ ಬೆರಕೆಗಳಲ್ಲಿ ಹಲವು ಗಂಡು ಹೆಣ್ಣಿನ ಕೂಡುವಿಕೆ ಇಲ್ಲದೆ ಬೀಜ ಕಟ್ಟುತ್ತವೆ. ತಾಯಿಯ ಅಚ್ಚು ಹಾಗೇ ಮಗಳಿಗೆ, ಮೊಮ್ಮಗಳಿಗೆ. ಹಾಗಾಗಿ ಒಂದು ಸಲ ಆದ ಬೆರಕೆ ಸಾವಿರಾರು ವರ್ಷ ಪ್ರತ್ಯೇಕ ಜಾತಿಯ ಹಾಗೆ ನಡೆದುಕೊಂಡು ಬರಬಹುದು. ಬೋಕರ್ ಅವರು 1950ರ ಹೊತ್ತಿಗೇ ಇದನ್ನು ಕಂಡಿದ್ದರು. ಆ್ಯಪ್‌ಗಳು ಇಲ್ಲಿ ಕೈ ಚೆಲ್ಲುವುದು ಇದಕ್ಕೇ.

ಕುಂದಾಪ್ರ ಕೂಸು · ಜುಲೈ 15

ಹೋ, ನಮ್ಮೂರಿನ ಓಳೂರು, ಬಪ್ಪಕಾಯಿ ಮಾವಿನ ಹಾಗೆ! ಒಂದು ಗೊರಟು ನೆಟ್ಟರೆ ಮೂರ್ನಾಲ್ಕು ಸಸಿ ಏಳುತ್ತದೆ, ಹೆಚ್ಚಿನವು ತಾಯಿ ಮರದ್ದೇ ಹಣ್ಣು ಕೊಡುತ್ತವೆ. ಕಸಿ ಕಟ್ಟುವುದೇ ಬೇಡ.

ಸಾಸಿವೆ ಕಾಳು · ಜುಲೈ 15

ಒಳಗಿನ ದಾರಿ ಬೇರೆ. ಮಾವಿನಲ್ಲಿ ಬೀಜದ ಸುತ್ತಲಿನ ತಾಯಿ ಅಂಗಾಂಶದಿಂದ ಭ್ರೂಣ ಏಳುತ್ತದೆ, ಬೋಕೆರಾದಲ್ಲಿ ಅಂಡದ ಕ್ರೋಮೋಸೋಮ್ ಲೆಕ್ಕವೇ ಅರ್ಧಕ್ಕಿಳಿಯದೆ ಪೂರ್ತಿ ಉಳಿದುಬಿಡುತ್ತದೆ. ಫಲ ಮಾತ್ರ ನೀವು ಹೇಳಿದ್ದೇ.

ಧಾರವಾಡ ಫೇಡೆ · ಜುಲೈ 15

ದಾಸಪ್ಪ ಅವರೇ, ಹಳದಿ ಹೋದ ಗಿಡಗಳ ಎಲೆಯ ಕೆಳಮೈ ಫೋಟೋ ತೆಗೆದಿರೇನು? ಪುಟ್ಟ ಬಟ್ಟಲಿನಂಥ ಗುಳ್ಳೆ ಕಂಡರೆ ಹಾಕ್ರೀ, ನೋಡಬೇಕು ಅಂತ ಆಸೆ.

ಡೆನ್ವರ್ ದಾಸಪ್ಪ · ಜುಲೈ 15

ಸರ್, ನಾನು ತೆಗೆದಿಲ್ಲ. ನನ್ನ ಹೆಂಡತಿ ತೆಗೆದಿದ್ದಾಳೆ, ಹದಿನೇಳು ಫೋಟೋ. ಅವಳೇ ಹಾಕುತ್ತಾಳಂತೆ. ಅಕೌಂಟ್ ಮಾಡಿಕೊಳ್ಳುತ್ತಿದ್ದಾಳೆ, ಏನು ಹೆಸರಿಡಲಿ ಅಂತ ಕೇಳಿದ್ದಕ್ಕೆ "ಭಂಡಾರ" ಅಂದಿದ್ದೇನೆ.